ಹತ್ತನೆಯ ಸಂಪುಟ

ನಾನು ಎರಡು ದಿನ ರಜೆ ಹಾಕಿದ್ದೇ ತಪ್ಪು. ಮೂರನೆಯ ದಿನ ಬಂದು ನೋಡಿದರೆ ಕುಂದಲಹಳ್ಳಿಯ ನಮ್ಮ ಶಾಖಾ ಗ್ರಂಥಾಲಯ ಸೀರೆ ಅಂಗಡಿಯಾಗಿತ್ತು. ಕೆಂಪು ಪುಸ್ತಕವೆಲ್ಲ ಒಂದು ಕಡೆ, ನೀಲಿಯೆಲ್ಲ ಒಂದು ಕಡೆ. ಪಕ್ಕದ ಸಾಫ್ಟ್‌ವೇರ್ ಕಂಪನಿಯವರು ಸಮಾಜಸೇವೆ ಮಾಡುತ್ತೇವೆಂದು ಬಂದು, ಬಣ್ಣ ನೋಡಿ ಜೋಡಿಸಿ ಹೋಗಿದ್ದರು. ಹನ್ನೊಂದು ಗಂಟೆಗೆ ಅವರ ದೊಡ್ಡ ಸಾಹೇಬರು ಬಂದು ಟೇಪು ಕತ್ತರಿಸುವುದಿತ್ತಂತೆ.

ನಾನು ನೇರ ವಿಶ್ವಕೋಶಗಳ ಕಪಾಟಿಗೆ ಓಡಿದೆ. ಅವಸರದವರಿಗೆಂದು ಒಂದೇ ಸಂಪುಟದ್ದು, ಮಕ್ಕಳಿಗೆ ಚಿತ್ರಗಳದ್ದು, ಕೂತು ಓದುವವರಿಗೆ ಹತ್ತು ಸಂಪುಟದ್ದು ಇಲ್ಲಿವೆ. ದೊಡ್ಡದು ಅಕಾರಾದಿಯಲ್ಲ, ವಿಷಯವಾರು. ಒಂದರಲ್ಲಿ ಆಕಾಶ, ಇನ್ನೊಂದರಲ್ಲಿ ಬೆಳೆ, ಏಳರಲ್ಲಿ ದೇಹ ಮತ್ತು ರೋಗ. ಏನು ಎಲ್ಲಿದೆಯೆಂದು ಹೇಳುವುದು ಹತ್ತನೆಯ ಸಂಪುಟ, ಪದಸೂಚಿ.

ಒಂಬತ್ತು ಸಿಕ್ಕವು. ಹತ್ತನೆಯದು ಇರಲಿಲ್ಲ.

ನಾನು ಹುಡುಕಾಡಿದ್ದು ಅಚ್ಚಾದ ಪುಸ್ತಕಕ್ಕಾಗಿ ಅಲ್ಲ. ನನಗಿಂತ ಮೊದಲು ಇಲ್ಲಿದ್ದ ನರಸಿಂಹಯ್ಯನವರು ಇಪ್ಪತ್ತೆರಡು ವರ್ಷ, ಊರಿನವರು ಬಾಯಲ್ಲಿ ಕೇಳಿದ ಮಾತನ್ನೆಲ್ಲ ಅದರ ಅಂಚಿನಲ್ಲಿ ಬರೆದಿದ್ದರು. ಪುಸ್ತಕದಲ್ಲಿ ವೈರಾಣು ರೋಗಗಳು ಎಂದಿರುತ್ತದೆ, ಜನ ಕೇಳುವುದು ಸರ್ಪಸುತ್ತು. ಪಕ್ಕದಲ್ಲಿ ಸಂಪುಟ, ಪುಟ, ಕೇಳಿದವರ ಹೆಸರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ಕಸ ಗುಡಿಸುವ ಮುನಿಯಕ್ಕ ಪೊರಕೆ ಹಿಡಿದೇ ಬಂದರು.

“ಮ್ಯಾಕೆ ನೋಡಿ ಮೇಡಂ. ನಾನ್ ಬ್ಯಾಡ ಅಂದೆ, ಕೇಳ್ಲಿಲ್ಲ.”

ಗೋಡೆಯಿಂದ ಗೋಡೆಗೆ ಕಾಗದದ ಹೂವಿನ ಮಾಲೆ ತೂಗುತ್ತಿತ್ತು. ಎಸಳುಗಳ ಮೇಲೆ ನರಸಿಂಹಯ್ಯನವರ ನೀಲಿ ಅಕ್ಷರ.

ಆ ಕಂಪನಿ ತಂಡದ ಮುಖಂಡ ಅಮರೇಶ್ ನಗುತ್ತ ಬಂದ. “ಹೇಗಿದೆ ಮೇಡಂ?”

“ಪುಸ್ತಕ ಯಾಕ್ರೀ ಹರಿದ್ರಿ?”

“ಪುಸ್ತಕ ಅಲ್ಲ ಮೇಡಂ, ಹಳೇ ಟೆಲಿಫೋನ್ ಡೈರೆಕ್ಟರಿ. ಬರೀ ಹೆಸರು, ಮುಂದೆ ನಂಬರು. ಯಾರೋ ಪೆನ್ನಲ್ಲಿ ಬೇರೆ ಗೀಚಿದ್ರು.”

ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಹತ್ತಿತು. ಓದಿಕೊಂಡವರು ಹತ್ತು ಜನ ಬಂದಿದ್ದರಲ್ಲ, ಒಬ್ಬರಾದರೂ ಹರಿಯುವ ಮೊದಲು ಒಂದು ಸಾಲು ಓದಬಾರದಿತ್ತೇ?

“ಅದು ಈ ಒಂಬತ್ತು ಪುಸ್ತಕದ ಪದಸೂಚಿ ಕಣ್ರೀ!”

“ಸಾರಿ ಮೇಡಂ. ಈಗೆಲ್ಲ ಮೊಬೈಲಲ್ಲೇ ಸಿಗುತ್ತಲ್ಲ...”

“ಇದನ್ನ ಬರ್ದೋರು ಸತ್ತಿದಾರೆ. ಅವರನ್ನೂ ಮೊಬೈಲಲ್ಲೇ ಹುಡುಕಿ ಕೊಡ್ತೀರಾ?”

ಟೇಪು ಕತ್ತರಿಸಲೆಂದು ತಟ್ಟೆಯಲ್ಲಿಟ್ಟಿದ್ದ ಕತ್ತರಿ ಎತ್ತಿಕೊಂಡು ಸ್ಟೂಲು ಹತ್ತಿದೆ. ಸಾಹೇಬರು ಒಳಗೆ ಬಂದದ್ದೂ ಆಗಲೇ. ಬಂದರೆ ಬರಲಿ ಎಂದು ದಾರ ಕತ್ತರಿಸಿದೆ. ಮುನಿಯಕ್ಕ ಸೆರಗೊಡ್ಡಿ ಹೂಗಳನ್ನು ಹಿಡಿದರು. ಮೇಜಿನ ಮೇಲೆ ಹರಡಿಕೊಂಡು ನಾನು ಒಂದೊಂದಾಗಿ ಬಿಡಿಸತೊಡಗಿದೆ. ಸಾಹೇಬರು ಬಾಗಿಲಲ್ಲೇ ನಿಂತಿದ್ದರು.

“ಸರ್ಪಸುತ್ತು ಐತಾ ಮೇಡಂ?” ಮುನಿಯಕ್ಕ ಮೆಲ್ಲಗೆ ಕೇಳಿದರು.

ಅವರ ಗಂಡನ ಸೊಂಟಕ್ಕೆ ಸರ್ಪಸುತ್ತು ಎದ್ದಾಗ ಹಾವಿನ ಶಾಪವೆಂದು ಮನೆಯವರೆಲ್ಲ ಕೆಮ್ಮಣ್ಣು ಬಳಿಯುತ್ತ ಕೂತಿದ್ದರಂತೆ. ನರಸಿಂಹಯ್ಯನವರು ಏಳನೆಯ ಸಂಪುಟ ತೆಗೆದು ಓದಿ ಹೇಳಿ, ಆಸ್ಪತ್ರೆಗೆ ಕಳಿಸಿದ್ದರು. ಅಕ್ಷರ ಬಾರದ ಮುನಿಯಕ್ಕ ಅಂದಿನಿಂದ ಬೇರೆ ಪುಸ್ತಕದ ಧೂಳು ಬಿಟ್ಟರೂ ಆ ಹತ್ತು ಸಂಪುಟಗಳ ಧೂಳು ಬಿಟ್ಟವರಲ್ಲ.

ಹುಡುಕಿದೆ. ‘ಸ’ ಅಕ್ಷರದ ಒಂದು ಹಾಳೆ ಇರಲಿಲ್ಲ.

ಮುನಿಯಕ್ಕ ಬಾಗಿಲಿನತ್ತ ಕೈ ತೋರಿಸಿದರು. ಸಾಹೇಬರ ಕೋಟಿನ ಮೇಲೆ, ಸ್ವಾಗತಕ್ಕೆಂದು ಪಿನ್ನು ಚುಚ್ಚಿದ ಅದೇ ಕಾಗದದ ಹೂವೊಂದಿತ್ತು.

“ಬಿಚ್ಚಿ ಕೊಡಿ ಸಾರ್,” ಎಂದೆ.

“ಮೇಡಂ, ಪ್ಲೀಸ್,” ಎಂದು ಅಮರೇಶ್ ಅಡ್ಡ ಬಂದ. ಮುನಿಯಕ್ಕ ಅವನನ್ನು ದಾಟಿ ಹೋಗಿ ಪಿನ್ನು ತಾವೇ ಕಿತ್ತರು. ಹೂವನ್ನು ಬಿಡಿಸಿ ನನ್ನ ಮುಂದೆ ಹಿಡಿದರು.

ನಾನು ಎಲ್ಲರಿಗೂ ಕೇಳುವಂತೆ ಓದಿದೆ: “ಸರ್ಪಸುತ್ತು. ಸಂಪುಟ ಏಳು, ಪುಟ ಮುನ್ನೂರ ಹನ್ನೆರಡು. ಕೇಳಿದವರು, ಮುನಿಯಕ್ಕ.”

ತಮ್ಮ ಹೆಸರು ಅದರಲ್ಲಿದೆಯೆಂದು ಮುನಿಯಕ್ಕನಿಗೆ ಗೊತ್ತಿರಲಿಲ್ಲ. ಅವರು ನಿಧಾನವಾಗಿ ಸಾಹೇಬರ ಕಡೆ ತಿರುಗಿದರು.

“ನನ್ನೆಸ್ರ ಅರ್ದು ಎದೆ ಮ್ಯಾಲೆ ಚುಚ್ಕೊಂಡಿದ್ರಲ್ಲ ಸಾಮಿ, ಯಾರ್ನ ಕೇಳಿದ್ರಿ?”