ಮೊದಲು ಹೊಗಳಬೇಕಂತೆ

ಬಂದರಿನಿಂದ ಫ್ಯಾಕ್ಸ್ ಬಂದ ದಿನ ಗಂಗಾಂಬಿಕಾ ಊಟದ ಡಬ್ಬಿಯನ್ನೇ ಬಿಚ್ಚಲಿಲ್ಲ. ಮರಿಯಮ್ಮನಹಳ್ಳಿ ಹತ್ತಿರದ ಅದಿರು ಯಾರ್ಡೊಂದರ ಲ್ಯಾಬು ಅವಳ ಜವಾಬ್ದಾರಿ. ಇಲ್ಲಿಂದ ಹೋದ ಅದಿರಿನಲ್ಲಿ ತೇವ ನೂರಕ್ಕೆ ಆರು ಎಂದು ಅವಳು ಸಹಿ ಹಾಕಿ ಕಳಿಸಿದ್ದಳು. ಅಲ್ಲಿ ಪರೀಕ್ಷೆ ಮಾಡಿದವರು ಒಂಬತ್ತು ಎಂದಿದ್ದರು. ಆ ತಿಂಗಳಲ್ಲಿ ಇದು ಮೂರನೆಯ ಸಲ. ಇನ್ನೊಮ್ಮೆ ಹೀಗಾದರೆ ನಿಮ್ಮ ಲ್ಯಾಬಿನ ಕಾಗದವನ್ನೇ ನಂಬುವುದಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು.

ಎರಡು ಸಾವಿರದ ಏಳನೆಯ ಇಸವಿ ಅದು. ಸಂಡೂರಿನ ಗುಡ್ಡದಿಂದ ಇಳಿದ ಲಾರಿಗಳು ಹೆದ್ದಾರಿಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದವು. ಆ ಅವಸರದಲ್ಲಿ ತಪ್ಪು ಎಲ್ಲಿ ಆಗುತ್ತಿದೆಯೆಂದು ಗಂಗಾಂಬಿಕಾಗೆ ಗೊತ್ತಿತ್ತು. ಲಾರಿ ಹತ್ತಿ ಸ್ಯಾಂಪಲ್ ತೆಗೆಯುವ ಭರಮಣ್ಣ ಬಿಸಿಲಿಗೆ ಒಣಗಿದ ಮೇಲಿನ ಅದಿರನ್ನಷ್ಟೇ ಬಾಚಿ ತರುತ್ತಿದ್ದ; ಮೊಳದಷ್ಟು ಅಗೆದು ಒಳಗಿನ ಹಸಿಯದನ್ನು ತೆಗೆಯಬೇಕಿತ್ತು. ಅದನ್ನು ಓವನ್ನಿನಲ್ಲಿ ಒಣಗಿಸಿ ತೂಗುವ ಪಂಪಾವತಿ, ಪೂರ್ತಿ ಒಣಗುವ ಮೊದಲೇ ತಟ್ಟೆ ಹೊರಗೆ ತೆಗೆದುಬಿಡುತ್ತಿದ್ದಳು.

ಯಾರ್ಡಿನ ಮ್ಯಾನೇಜರ್ ಶಂಭುಲಿಂಗ ಹಿಂದಿನ ತಿಂಗಳಷ್ಟೇ ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದ. ಗಂಗಾಂಬಿಕಾ ಇಬ್ಬರ ತಪ್ಪನ್ನೂ ಅವನ ಮುಂದಿಟ್ಟಳು.

"ಮೊದ್ಲು ಹೊಗಳಬೇಕ್ರಿ, ಆಮ್ಯಾಲೆ ತಪ್ಪು ಹೇಳಬೇಕು, ಕಡೀಕ ಮತ್ತ ಹೊಗಳಬೇಕು. ಯಾರಿಗಾದ್ರೂ ಇದಾ ಪದ್ಧತಿ" ಎಂದು ಅವನು ಎರಡು ಫಾರ್ಮು ಕೈಗಿಟ್ಟ. "ಇಬ್ರಿಗೂ ಹೇಳ್ರಿ. ಏನು ಹೇಳಿದ್ರಿ ಅಂತ ಇದ್ರಾಗ ತುಂಬಿ ಕೊಡ್ರಿ."

ಮರುದಿನ ಬೆಳಿಗ್ಗೆ ಅವಳು ಭರಮಣ್ಣನನ್ನು ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿದಳು. ಐವತ್ತು ದಾಟಿದ ಮನುಷ್ಯ. ಹೆಗಲ ಮೇಲಿನ ಟವೆಲ್ಲು ಯಾವ ಕಾಲಕ್ಕೆ ಬೆಳ್ಳಗಿತ್ತೋ, ಈಗ ಅದಿರಿನದೇ ಬಣ್ಣ.

"ಭರಮಣ್ಣ, ನಿಮ್ಮಂಗ ಚುರುಕಾಗಿ ಲಾರಿ ಹತ್ತೋರು ಈ ಯಾರ್ಡಿನಾಗ ಯಾರೂ ಇಲ್ಲ ನೋಡ್ರಿ. ಸ್ವಲ್ಪ ಒಳಗಿಂದ ತಗದ್ರ ಇನ್ನಾ ಚಲೋ ಆಗ್ತೈತಿ. ಒಟ್ಟಿನ ಮ್ಯಾಲೆ ನಮಗ ನೀವಾ ಆಧಾರ."

ಭರಮಣ್ಣ ನಾಚಿಕೊಂಡು, ಚಹಾ ಕುಡಿದು ಎದ್ದುಹೋದ. ಮಧ್ಯಾಹ್ನದೊಳಗೆ ಯಾರ್ಡಿಗೆಲ್ಲ ಸುದ್ದಿ ಮುಟ್ಟಿತ್ತು. "ಮೇಡಮ್ಮೋರು ಕರದು ಕುಂದ್ರಿಸಿ ಹೊಗಳಿದ್ರಲೇ! ಭರಮಣ್ಣ ಇಲ್ಲಾಂದ್ರ ಯಾರ್ಡಾ ಇಲ್ಲಂತ" ಎಂದು ಅವನು ಚಾಲಕರಿಗೆ ಹೇಳುತ್ತಿದ್ದುದು ಅವಳಿಗೇ ಕೇಳಿಸಿತು. ಆ ಮಧ್ಯಾಹ್ನವೂ ಅವನು ತಂದ ಚೀಲಗಳಲ್ಲಿ ಬಂದದ್ದು ಮೇಲಿನ ಒಣ ಪುಡಿಯೇ.

ಅವಳಿಗೆ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿ ಲ್ಯಾಬಿಗೆ ನುಗ್ಗಿದರೆ ಪಂಪಾವತಿ ಓವನ್ನಿನಿಂದ ತಟ್ಟೆ ತೆಗೆಯುತ್ತಿದ್ದಳು. ರಿಪೋರ್ಟಿಗಾಗಿ ನಾಲ್ವರು ಚಾಲಕರು ಕಿಟಕಿಗೆ ಮುಖವಿಟ್ಟು ನಿಂತಿದ್ದರು.

"ಇದು ಒಣಗೈತೇನು? ಓದಿದಾಕಿ ಅಲ್ಲೇನು ನೀನು? ನಿನ್ನ ಸಲುವಾಗಿ ನನ್ನ ಸಹಿಗೆ ಕಿಮ್ಮತ್ತಿಲ್ಲದಂಗ ಆಗೈತಿ!"

ಪಂಪಾವತಿ ತಟ್ಟೆಯನ್ನು ಒಳಗಿಟ್ಟು ಓವನ್ನಿನ ಬಾಗಿಲನ್ನು ಒತ್ತಿ ಹಿಡಿದಳು. ಒಬ್ಬ ಚಾಲಕ ಕಿಸಕ್ಕನೆ ನಕ್ಕ. ಇವಳಿಗಾದರೂ ಮುಟ್ಟಿತಲ್ಲ ಎಂದುಕೊಂಡಳು ಗಂಗಾಂಬಿಕಾ.

ಮರುದಿನ ಪಂಪಾವತಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹೊಸಪೇಟೆಯಲ್ಲಿ ಅವಳು ಉಳಿದುಕೊಂಡಿದ್ದ ಚಿಕ್ಕಮ್ಮನ ಮನೆಯಲ್ಲಿ ಕೇಳಿದರೆ, ಊರಿಗೆ ಹೋದಳೆಂದರು. ಶಂಭುಲಿಂಗನ ಮುಂದೆ ನಿಂತಾಗ ಅವನು, "ಭರಮಣ್ಣಗ ಭಾಳ ಮೆತ್ತಗ ಹೇಳಿದ್ರಿ, ಆ ಹುಡುಗಿಗೆ ಭಾಳ ಬಿರುಸಾಗಿ ಹೇಳಿದ್ರಿ" ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಅಂದ. ಹೇಳಿಕೊಟ್ಟವನೇ ಹೀಗಂದರೆ ಅವಳು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು?

ಭಾನುವಾರ ಕಂಪ್ಲಿ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಪಂಪಾವತಿಯ ಊರು ಮೆಟ್ರಿಗೆ ಹೋದಳು. ಭತ್ತದ ನಾಟಿ ನಡೆದಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಹತ್ತು ಹೆಂಗಸರ ಸಾಲು. ಅದರಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಪಂಪಾವತಿ. ಲ್ಯಾಬಿನಲ್ಲಿ ಎರಡು ವರ್ಷದಿಂದ ಆ ನಗು ಕೇಳಿರಲಿಲ್ಲ. ಅವಳ ತಾಯಿ ಜಂಬವ್ವ ಹಿಂದಿನಿಂದ ಬಂದು, ಮಗಳು ಓರೆಯಾಗಿ ನೆಟ್ಟಿದ್ದ ಸಸಿಯನ್ನು ಕಿತ್ತು ನೆಟ್ಟಗೆ ಊರಿ ಮುಂದೆ ಹೋದಳು. ಒಂದು ಮಾತೂ ಇಲ್ಲ. ಪಂಪಾವತಿ ಅದನ್ನು ನೋಡಿದಳು, ಮುಂದಿನ ಸಸಿಯನ್ನು ನೆಟ್ಟಗೆ ನೆಟ್ಟಳು, ನಗು ನಿಲ್ಲಿಸಲಿಲ್ಲ.

ಬದುವಿನ ಮೇಲೆ ನಿಂತವಳನ್ನು ಕಂಡಾಗ ಮಾತ್ರ ನಗು ನಿಂತಿತು. ಕಾಲುವೆಯಲ್ಲಿ ಕೈಕಾಲು ತೊಳೆದು ಬಂದು ದೂರ ನಿಂತಳು.

"ತಪ್ಪು ನಂದಾ ಐತ್ರಿ ಮೇಡಂ" ಎಂದಳು ನೆಲ ನೋಡುತ್ತ. "ಆದ್ರ ಗಂಡಸರ ಮುಂದ ಅಂದ್ರಿ. ಮತ್ತ ಹೆಂಗ ಬರ್ಲಿ ಅಲ್ಲಿಗೆ?"

"ನನಗ ಆವತ್ತು ಸಿಟ್ಟು ಬಂದಿತ್ತು. ಹಂಗ ಅನ್ನಬಾರದಿತ್ತು. ಅವಸರ ಯಾಕ ಮಾಡ್ತಿ, ಅದನ್ನಾದ್ರೂ ಹೇಳು."

ಪಂಪಾವತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಓವನ್ ಬಾಗ್ಲಾ ಸರಿಯಾಗಿ ಮುಚ್ಚಂಗಿಲ್ರಿ. ಎರಡು ತಿಂಗ್ಳಾತು. ಒಣಗಾಕ ದುಪ್ಪಟ್ಟು ಹೊತ್ತು ಹಿಡಿತೈತಿ, ಇತ್ಲಾಗ ಡ್ರೈವರ್‌ಗೋಳು ಕಿಟಕಿ ಬಡಿತಾರ. ಹೇಳಬೇಕಂತ ಭಾಳ ಸಲ ಬಂದೆ. ನೀವು ತಲಿ ಎತ್ತಲಿಲ್ಲ."

ಗಂಗಾಂಬಿಕಾಗೆ ಮುಖಕ್ಕೆ ಹೊಡೆದಂತಾಯಿತು. ಈ ಎರಡು ತಿಂಗಳಲ್ಲಿ ಹುಡುಗಿ ಬಾಗಿಲಲ್ಲಿ ಬಂದು ನಿಂತು, ಹಾಗೇ ತಿರುಗಿ ಹೋದದ್ದನ್ನು ಅವಳು ಕಂಡಿದ್ದಳು. ಏನೆಂದು ಕೇಳಿರಲಿಲ್ಲ.

"ಇನ್ನ ತಪ್ಪಾದ್ರ ಚೀಟಿ ಬರದು ಮೇಜಿನ ಮ್ಯಾಲ ಇಡ್ರಿ" ಎಂದಳು ಪಂಪಾವತಿ. "ಓದ್ಕೊಂಡು ಸರಿ ಮಾಡ್ತೀನಿ. ನಾನೂ ಬರದು ಇಡ್ತೀನಿ."

ಸೋಮವಾರ ಪಂಪಾವತಿ ಕೆಲಸಕ್ಕೆ ಬಂದಾಗ, ಎಷ್ಟು ಹೊತ್ತಾದರೂ ಪೂರ್ತಿ ಒಣಗಿದ ಮೇಲೇ ತಟ್ಟೆ ತೆಗೆಯಬೇಕೆಂಬ ಚೀಟಿ ಅವಳ ಮೇಜಿನ ಮೇಲಿತ್ತು. ಚಾಲಕರು ತಲೆಹಾಕದಂತೆ ಗಂಗಾಂಬಿಕಾ ಕಿಟಕಿಗೆ ಒಳಗಿನಿಂದ ಚಿಲಕ ಹಾಕಿಸಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಭರಮಣ್ಣನ ಹಿಂದೆಯೇ ಲಾರಿ ಹತ್ತಿದಳು. "ಬ್ಯಾಡ್ರಿ ತಾಯಿ, ಬೀಳ್ತೀರಿ!" ಎಂದು ಅವನು ಕೂಗಿದರೂ ಕೇಳದೆ ಅವನ ಸಲಿಕೆ ಕಿತ್ತುಕೊಂಡು ಮೊಳದಷ್ಟು ಅಗೆದಳು. ಒಳಗಿನದನ್ನು ಅವನ ಒಂದು ಅಂಗೈಗೆ, ಮೇಲಿನದನ್ನು ಇನ್ನೊಂದಕ್ಕೆ ಹಾಕಿದಳು.

"ನೀವು ತರೋದು ಇದ್ರಾಗ ಯಾವುದು?"

ಅವನು ಒಣ ಪುಡಿಯಿದ್ದ ಕೈ ಮುಂದೆ ಮಾಡಿದ.

"ಅದು ತಪ್ಪು, ಭರಮಣ್ಣ. ನಮ್ಮ ಲೆಕ್ಕ ಕೆಡೋದು ಅದ್ರಿಂದಾ."

ಭರಮಣ್ಣ ಎರಡೂ ಕೈ ಕೊಡವಿಕೊಂಡ. ಮುಖ ಬಿಗಿದಿತ್ತು. "ಅವತ್ತಾ ಹಿಂಗ ಬಾಯಿಬಿಟ್ಟು ಹೇಳಬಾರದೇನ್ರಿ? ಊರಿಗೆಲ್ಲ ಹೊಗಳಿಸ್ಕೊಂಡೆ ಅಂತ ಹೇಳ್ಕೊಂಡು ಅಡ್ಡಾಡಿದೆ. ಚಾ ಯಾಕ ಕುಡಿಸಿದ್ರಿ?"

ಅವಳು ಸಲಿಕೆಯನ್ನು ಅವನ ಕೈಗೆ ವಾಪಸು ಕೊಟ್ಟಳು. ಮೂರು ದಿನ ಅವನು ಅವಳೊಂದಿಗೆ ಮಾತು ಬಿಟ್ಟ. ಆದರೆ ಅಗೆಯುವುದನ್ನು ಬಿಡಲಿಲ್ಲ. ಮೊಣಕೈವರೆಗೆ ಕೆಂಪಾಗಿಯೇ ಇಳಿಯುತ್ತಿದ್ದ.

ಎರಡು ವಾರಕ್ಕೆ ಬಂದರಿನ ಲೆಕ್ಕವೂ ಇಲ್ಲಿನ ಲೆಕ್ಕವೂ ಹೊಂದಿಕೊಂಡವು. ಅದರ ಬಗ್ಗೆ ಶಂಭುಲಿಂಗ ಏನೂ ಅನ್ನಲಿಲ್ಲ. ಅವಳು ತುಂಬಿಕೊಟ್ಟಿದ್ದ ಫಾರ್ಮುಗಳನ್ನು ವಾಪಸು ತಳ್ಳಿದ.

"ಇದೇನ್ರಿ, ಒಬ್ಬರಿಗೆ ಲಾರಿ ಮ್ಯಾಲ ಹೇಳೀನಿ, ಒಬ್ಬರಿಗೆ ಚೀಟಿ ಬರದೀನಿ ಅಂತ? ಎರಡೂ ಒಂದಾ ಥರ ಇರಬೇಕು. ಹೆಡ್ಡಾಫೀಸಿನೋರು ಒಪ್ಪಂಗಿಲ್ಲ."

"ಅವರಿಬ್ರೂ ಒಂದಾ ಥರ ಇಲ್ಲಲ್ರಿ ಸರ್."

"ಒಬ್ಬೊಬ್ರ ಸ್ವಭಾವ ನೋಡ್ಕೋತ ಕುಂತ್ರ ಲಾರಿ ಬಿಡೋರು ಯಾರು? ಜಲ್ದಿ ಬರದು ಕೊಡ್ರಿ."

ಐದು ನಿಮಿಷದಲ್ಲಿ ಎರಡಕ್ಕೂ ಒಂದೇ ಸುಳ್ಳು ಬರೆದು ಸಹಿ ಹಾಕಿದಳು. ಓವನ್ನಿನ ರಿಪೇರಿಗೆಂದು ಅವಳು ಕೊಟ್ಟ ಎರಡು ಅರ್ಜಿಗಳೂ ಅವನ ಮೇಜಿನ ಮೇಲೆ, ಕಾಗದ ಹಾರದಂತೆ ಇಟ್ಟ ಅದಿರುಗಲ್ಲಿನ ಕೆಳಗೆ, ಹಾಗೇ ಇದ್ದವು. ಮೊದಲನೆಯದನ್ನು ವಿನಯದಿಂದ ಬರೆದಿದ್ದಳು, ಎರಡನೆಯದನ್ನು ಖಾರವಾಗಿ. ಲ್ಯಾಬಿಗೆ ಬಂದು ಮೂರನೆಯದನ್ನು ಬರೆಯಲು ಕುಳಿತಳು. ಈ ಮನುಷ್ಯನಿಗೆ ಹೇಗೆ ಹೇಳಿದರೆ ಕಿವಿಗೆ ಬೀಳುತ್ತದೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.