ಹರಿಯುವ ನೀರಿಗೆ ಎಡೆ

ನಾನು ಹಟಮಾರಿ. ಬ್ಯಾಡಗಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನ್ನ ಗಂಡ ವಿಜಯಮಹಾಂತೇಶರಂತೂ ಕೇಳದಿದ್ದರೂ ಹೇಳುತ್ತಾರೆ. ಅವರದು ಮೆಣಸಿನಕಾಯಿ ದಲಾಲಿ ಅಂಗಡಿ. ಶ್ರಾವಣದ ಒಂದು ರವಿವಾರ ಅವರನ್ನೂ, ಮನೆಗೆ ಬಂದು ಮೂರು ತಿಂಗಳಾಗಿದ್ದ ಸೊಸೆ ಸುಧಾರಾಣಿಯನ್ನೂ ಕಾರಿಗೆ ಹತ್ತಿಸಿದೆ. ಮಗನಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಮೀಟಿಂಗು, ಅವನು ಬರಲಿಲ್ಲ. ದೇವರಗುಡ್ಡದ ದಾರಿ ಬಿಟ್ಟು ಒಳಗೆ ಹೋದರೆ ಗುಡ್ಡದ ಮಗ್ಗುಲಲ್ಲಿ ಅರಣ್ಯ ಇಲಾಖೆಯ ಸಣ್ಣದೊಂದು ಉದ್ಯಾನ, ಅದರೊಳಗೆ ಮಳೆಗಾಲದಲ್ಲಷ್ಟೇ ಧುಮುಕುವ ಜಲಪಾತ. ಹೆಚ್ಚು ಜನಕ್ಕೆ ಗೊತ್ತಿಲ್ಲ.

ಗೇಟಿನ ಕಾವಲುಗಾರ ತಿರಕಪ್ಪ ಚೀಟಿ ಹರಿದು ಕೊಟ್ಟು, "ಅವ್ವಾರ, ದಂಡಿಗೆ ಕುಂತು ಉಂಡು ಬರ್ರಿ. ನೀರಾಗ ಇಳಿಬ್ಯಾಡ್ರಿ. ಗುಡ್ಡದ ಆಚಿ ಮಳಿ ಆದ್ರ ಇಲ್ಲಿ ಗೊತ್ತಾಗೂದಿಲ್ಲ" ಎಂದ.

ಬಿಸಿಲು ಕಣ್ಣು ಕುಕ್ಕುತ್ತಿತ್ತು. "ಎಲ್ಲಿ ಮಳಿ ತಂದ್ಯೋ ಯಪ್ಪಾ" ಎಂದು ನಕ್ಕೆ.

ನೀರು ಮೂರಾಳು ಎತ್ತರದಿಂದ ಬೀಳುತ್ತಿತ್ತು. ಕೆಳಗೆ ಮೊಳಕಾಲುದ್ದದ ಹರಿವು, ನಡುವೆ ಎಮ್ಮೆಯಷ್ಟು ದೊಡ್ಡ ಬಂಡೆ. ಬುತ್ತಿ ಬಿಚ್ಚಿದೆವು. ನೀರಿನ ದಂಡೆಯಲ್ಲಿ ಉಣ್ಣುವ ಮೊದಲು ನಮ್ಮಲ್ಲಿ ಗಂಗವ್ವನಿಗೆ ಅರಿಷಿಣ ಕುಂಕುಮ ಏರಿಸಿ ಎಡೆ ಬಿಡಬೇಕು. ಸುಧಾರಾಣಿ ದಂಡೆಯ ಹೊಂಡದಲ್ಲೇ ಬಿಡಲು ಬಗ್ಗಿದಳು.

"ನಿಂತ ನೀರಿಗೆ ಯಾರರ ಎಡಿ ಬಿಡ್ತಾರೇನ? ಆ ಬಂಡಿ ಮ್ಯಾಲೆ ಹೋಗಿ ಹರಿಯೋ ನೀರಿಗೆ ಬಿಡು" ಎಂದೆ.

"ಅತ್ಯಾರ, ಇಳಿಬ್ಯಾಡ್ರಿ ಅಂದಾರಲ್ಲರಿ ಅವರು."

"ಎಡಿ ಬಿಡಾಕ ಹೋದಾಕಿನ್ನ ಗಂಗವ್ವ ಏನೂ ಮಾಡೂದಿಲ್ಲ. ಹೋಗು."

ಸೀರೆ ಎತ್ತಿ ಕಟ್ಟಿಕೊಂಡು ಹೋದಳು. ಬಂಡೆಯ ಮೇಲೆ ಕುಳಿತು ಹೋಳಿಗೆಯ ಚೂರು ಬಿಟ್ಟಳು, ಕುಂಕುಮ ಚೆಲ್ಲಿದಳು. ಅಷ್ಟರಲ್ಲಿ ಅವಳ ಕಾಲಬುಡದ ನೀರು ಕೆಂಪಾಯಿತು.

"ಅಬಬಾ, ಬಣ್ಣ ನೋಡ!" ಎಂದರು ನನ್ನ ಗಂಡ. ಮೂವತ್ತು ವರ್ಷ ಮೆಣಸಿನಕಾಯಿಯ ಬಣ್ಣ ನೋಡಿ ದರ ಕಟ್ಟಿದವರು. ಕೆಂಪು ಕಂಡರೆ ಅವರಿಗೆ ಖುಷಿಯೇ. ನನಗೋ ಮೈ ಜುಮ್ಮೆಂದಿತು. ಗಂಗವ್ವ ಕುಂಕುಮ ಒಪ್ಪಿಸಿಕೊಂಡಳೆಂದು ಕಣ್ಣು ಮುಚ್ಚಿ ಕೈ ಮುಗಿದು ನಿಂತೆ. ಒಂದು ಚಿಟಿಕೆ ಕುಂಕುಮಕ್ಕೆ ಇಡೀ ಹಳ್ಳ ಕೆಂಪಾದೀತೇ ಎಂದು ಯೋಚಿಸುವ ಬುದ್ಧಿ ಬರಲಿಲ್ಲ.

ಕಣ್ಣು ತೆರೆದಾಗ ಜಲಪಾತದ ಸದ್ದು ಬೇರೆಯಾಗಿತ್ತು. ನೀರಿನ ಜೊತೆ ಕಸ, ಮುಳ್ಳುಕಂಟಿ ಬೀಳುತ್ತಿದ್ದವು. ಗುಡ್ಡದ ಆಚೆಯ ಮಳೆ ಕೆಮ್ಮಣ್ಣು ಹೊತ್ತು ಇಳಿದಿತ್ತು. ಸುಧಾರಾಣಿ ಬಂಡೆಯ ಮೇಲೆ ಎದ್ದು ನಿಂತಿದ್ದಳು, ಪಾದದ ಮೇಲೆ ನೀರು ಹಾಯುತ್ತಿತ್ತು. "ಬಾ!" ಎಂದು ಚೀರಿದೆ. ಮರುಕ್ಷಣವೇ "ಬರಬ್ಯಾಡ!" ಎಂದೆ. ಎರಡೂ ಅವಳಿಗೆ ಕೇಳಿಸಲಿಲ್ಲ. ನನ್ನ ಗಂಡ ಹಳ್ಳಕ್ಕೆ ಇಳಿದವರು ನೀರು ತೊಡೆಮಟ್ಟ ಬಂದೊಡನೆ ತೂರಾಡಿ ಬಿದ್ದು, ಹೇಗೋ ಬೇರು ಹಿಡಿದು ಹಿಂದಕ್ಕೆ ಬಂದರು. ಅಷ್ಟರಲ್ಲಿ ನೀರು ಅವಳ ಮೊಳಕಾಲಿಗೆ ಏರಿತ್ತು.

ತಿರಕಪ್ಪ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಓಡಿ ಬಂದ. ಮೊದಲ ಎಸೆತ ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದನ್ನು ಅವಳು ಹಿಡಿದಳು. ನಡುವಿಗೆ ಕಟ್ಟಿಕೋ ಎಂದು ಅವನು ಕೈಸನ್ನೆ ಮಾಡಿದ. ಇತ್ತ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ ಮೂವರೂ ಎಳೆದೆವು. ಅವಳು ನೀರಿಗೆ ಬಿದ್ದಳು, ತಲೆ ಮುಳುಗಿತು. ಎಷ್ಟು ಹೊತ್ತೋ ಗೊತ್ತಿಲ್ಲ, ಹಗ್ಗ ನನ್ನ ಅಂಗೈ ಚರ್ಮ ಕೀಳುತ್ತಿತ್ತು. ಆಮೇಲೆ ಬಳೆ ಒಡೆದ ಒಂದು ಕೈ ಮೇಲೆದ್ದು ದಂಡೆಯ ಬೇರನ್ನು ಹಿಡಿಯಿತು.

ಮೇಲೆ ಎಳೆದು ಮಲಗಿಸಿದೆವು. ನೀರು ಕಾರಿಕೊಂಡಳು, ಗಡಗಡ ನಡುಗಿದಳು. ನನ್ನ ಭಯವೆಲ್ಲ ಸಿಟ್ಟಾಗಿ ಹೊರಬಂತು, ನನ್ನ ಸ್ವಭಾವವೇ ಅದು.

"ನೀರು ಏರೂದು ಕಾಣಲಿಲ್ಲೇನ ನಿನಗ? ಆಗಲೇ ಓಡಿ ಬರಾಕ ಏನಾಗಿತ್ತು?"

"ಕಂಡಿತ್ತರಿ" ಎಂದಳು. "ಬರಾಕಂತನ ಎದ್ದಿದ್ದೆ. ನೀವು ಕಣ್ಣು ಮುಚ್ಚಿ ಕೈ ಮುಗಿದಿದ್ರಿ. ನಡುವ ಬಂದ್ರ ಬೈತೀರಿ ಅಂತ ನಿಂತೆ."

ಅವಳ ಮುಖಕ್ಕೆ ಅಂಟಿದ್ದ ಕೂದಲು ಸರಿಸಲೆಂದು ಕೈ ಎತ್ತಿದೆ. ಹೊಡೆಯುತ್ತೇನೆ ಎಂದುಕೊಂಡಳೋ ಏನೋ, ಬೆಚ್ಚಿ ಮುಖ ತಿರುಗಿಸಿದಳು. ಆ ನೀರಿನ ನಡುವೆ ನಿಂತಾಗಲೂ ಅವಳು ಇಷ್ಟು ಹೆದರಿರಲಿಲ್ಲ.