ಇಬ್ಬರೂ ಜೊತೆಗಿದ್ದರೆ ಮಾತ್ರ

ನಾನೊಂದು ರೈಲ್ವೆ ರಿಯಾಯಿತಿ ಕಾರ್ಡು. ಇಂಗ್ಲೆಂಡಿನ ಲೆಸ್ಟರ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ, ಶೀತವಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಒಬ್ಬ ಹೆಂಗಸಿನ ಕೈಯಲ್ಲಿ ನಾನು ಹುಟ್ಟಿದೆ. ದಪ್ಪ ಕಾಗದ, ಅದಕ್ಕೊಂದು ಪ್ಲಾಸ್ಟಿಕ್ ಹೊದಿಕೆ, ಎದೆಯ ಮೇಲೆ ಎರಡು ಫೋಟೋ, ಇಷ್ಟೇ ನನ್ನ ಮೈ. ಆಯಸ್ಸು ಒಂದೇ ವರ್ಷ. ನನ್ನನ್ನು ತೋರಿಸಿದರೆ ಟಿಕೆಟ್ಟಿನ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಇಳಿಯುತ್ತದೆ. ಆದರೆ ಫೋಟೋದಲ್ಲಿರುವ ಇಬ್ಬರೂ ಜೊತೆಯಾಗಿಯೇ ಹೋಗಬೇಕು. ಒಬ್ಬರೇ ಹೊರಟರೆ ನಾನು ಮೂರು ಕಾಸಿಗೂ ಬೇಡ. ಇಂಥ ಷರತ್ತು ಹಾಕಿ ಹುಟ್ಟಿಸಿದ ಮೇಲೆ ನನ್ನಿಂದ ಪೂರ್ತಿ ಉಪಕಾರ ಯಾರಿಗೆ ತಾನೇ ಆದೀತು?

ಫೋಟೋದಲ್ಲಿದ್ದವರು ಸೇತುರಾಮ ಮತ್ತು ಅವರ ಹೆಂಡತಿ ಅಂಬುಜಾಕ್ಷಿ. ನಂಜನಗೂಡಿನ ಕಡೆಯವರು. ಆತ ಬಿಸ್ಕತ್ತು ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು, ಆಕೆ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಈ ದೇಶದ ರೈಲಿನ ದರ ಕೇಳಿದರೆ ಎಂಥವರಿಗೂ ತಲೆ ತಿರುಗುತ್ತದೆ. ಅದೇ ಗಾಡಿ, ಅದೇ ಸೀಟು; ವಾರಗಟ್ಟಲೆ ಮೊದಲೇ ಕೊಂಡವನಿಗೆ ಒಂದು ಬೆಲೆ, ಅವಸರದಲ್ಲಿ ಓಡಿಬಂದವನಿಗೆ ಇನ್ನೊಂದು. ಕಷ್ಟದಲ್ಲಿರುವವನೇ ಹೆಚ್ಚು ತೆರಬೇಕು. ಇದನ್ನು ಮಣಿಸುವುದೇ ಸೇತುರಾಮರ ಹುಚ್ಚಾಯಿತು. ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕೂತು ದಾರಿಯನ್ನು ತುಂಡು ತುಂಡು ಮಾಡುತ್ತಿದ್ದರು. ಇಲ್ಲಿಂದ ಶೆಫೀಲ್ಡಿಗೊಂದು ಟಿಕೆಟ್ಟು, ಅಲ್ಲಿಂದ ಯಾರ್ಕಿಗೊಂದು, ಮುಂದಕ್ಕೆ ಮತ್ತೊಂದು. ಇಡೀ ದಾರಿಯ ಒಂದೇ ಟಿಕೆಟ್ಟಿಗಿಂತ ತುಂಡುಗಳೇ ಅಗ್ಗ. ಫೋನಿನೊಳಗಿನ ಟಿಕೆಟ್ಟನ್ನು ಅವರು ನಂಬುವವರಲ್ಲ, ಕಾಗದವೇ ಆಗಬೇಕು.

ಹಾಗೆ ಬಾತ್ ನೋಡಿದರು, ಲಿವರ್‌ಪೂಲ್ ನೋಡಿದರು. ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತು ಡಬ್ಬಿಯ ಪುಳಿಯೋಗರೆ ತಿಂದರು. ಗಾಡಿಯಲ್ಲಿ ಟಿಕೆಟ್ ತಪಾಸಣೆಯವನು ಫೋಟೋಗಳನ್ನೂ ಮುಖಗಳನ್ನೂ ಹೋಲಿಸಿ ನೋಡುವಾಗ ಅಂಬುಜಾಕ್ಷಿಗೆ ನಾಚಿಕೆ. ‘ಮದುವೇಲೂ ನಮ್ಮನ್ನ ಯಾರೂ ಹೀಗೆ ನೋಡ್ಲಿಲ್ಲ ಕಣ್ರೀ’ ಎಂದು ನಗುತ್ತಿದ್ದರು. ನನ್ನ ಬಾಳಿನ ಸುಖವೆಲ್ಲ ಅಲ್ಲಿಗೇ ಮುಗಿಯಿತು.

ಅಂಬುಜಾಕ್ಷಿಗೆ ಒಬ್ಬನೇ ತಮ್ಮ, ಶ್ರೀಕಂಠ. ಮದುವೆಯಿಲ್ಲ, ಮಕ್ಕಳಿಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವನು ಆಸ್ಪತ್ರೆ ಸೇರಿದ. ಪಿತ್ತಕೋಶದ ಕ್ಯಾನ್ಸರ್. ಇನ್ನು ಕೆಲವು ವಾರ ಇರಬಹುದು ಎಂದರು ಡಾಕ್ಟರು. ಸೇತುರಾಮರು ರಜೆ ಹೊಂದಿಸಿಕೊಂಡು, ಇದ್ದಬದ್ದ ಜಾಣತನವನ್ನೆಲ್ಲ ಸುರಿದು ಶೆಫೀಲ್ಡ್, ಯಾರ್ಕ್, ಎಡಿನ್‌ಬರೋ ಮೇಲೆ ಹಾಯ್ದು ಹೋಗುವ ದಾರಿ ಹೆಣೆದರು. ಅವರ ಕೈಗೆಟುಕುವ ಟಿಕೆಟ್ಟು ಸಿಕ್ಕಿದ್ದು ಒಂದು ಬುಧವಾರಕ್ಕೆ ಮಾತ್ರ. ಅಗ್ಗದ ಟಿಕೆಟ್ಟಿಗೆ ಅದರದ್ದೇ ಗಾಡಿ. ಅದು ತಪ್ಪಿದರೆ ಟಿಕೆಟ್ಟು ಬರೀ ಚೀಟಿ.

‘ಅಕ್ಕಾ, ಬುಧವಾರ ಬರ್ತೀಯಲ್ಲ?’ ಎಂದು ಶ್ರೀಕಂಠ ಫೋನಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದ. ಅಕ್ಕನ ಮುಖ ನೋಡಿಬಿಟ್ಟರೆ ಸಾಕು ಎನ್ನುವುದೊಂದೇ ಅವನಿಗೆ ಉಳಿದಿದ್ದ ಆಸೆ.

ಅಂಬುಜಾಕ್ಷಿ ಕ್ಯಾಲೆಂಡರ್ ನೋಡಿದವರೇ ಕುಸಿದು ಕೂತರು. ‘ಬುಧವಾರ ಉತ್ತರಕ್ಕೆ ಶೂಲ ಕಣ್ರೀ. ಆ ದಿಕ್ಕಿಗೆ ಹೊರಡಬಾರದು. ಅವನಿರೋದು ಉತ್ತರದಲ್ಲೇ.’

‘ಬೇರೆ ದಿನದ್ದು ನಮ್ಮ ಕೈಲಾಗಲ್ಲ ಕಣೇ.’

‘ಹಂಗಾದ್ರೆ ಸೋಮವಾರವೇ ಪರಸ್ಥಾನ ಇಡ್ತೀನಿ.’

ಒಳ್ಳೆಯ ದಿನ ನೋಡಿ ಪ್ರಯಾಣದ ಚೀಲವನ್ನು ಇನ್ನೊಬ್ಬರ ಮನೆಯಲ್ಲಿ ಇಟ್ಟುಬಂದರೆ ಆವತ್ತೇ ಹೊರಟಂತೆ ಲೆಕ್ಕ. ಅದು ಪರಸ್ಥಾನ. ಆ ಚೀಲ ಮತ್ತೆ ಹೊಸಿಲು ದಾಟಿ ಒಳಗೆ ಬರಕೂಡದು, ಹೊರಡುವಾಗ ದಾರಿಯಲ್ಲೇ ಎತ್ತಿಕೊಳ್ಳಬೇಕು. ಸುಮ್ಮನೆ ಒಂದು ಸೀರೆ ಇಟ್ಟಿದ್ದರೂ ನಡೆಯುತ್ತಿತ್ತು. ಆದರೆ ಆಕೆಗೆ ತಮ್ಮನ ಜೀವದ ಪ್ರಶ್ನೆ. ನಿಜವಾಗಿ ಹೊರಟಂತಾಗಲಿ ಎಂದು ಅವನಿಗೆ ಹೆಣೆದ ಸ್ವೆಟರು, ನಂಜನಗೂಡಿನ ವಿಭೂತಿ, ಜೊತೆಗೆ ಟಿಕೆಟ್ಟುಗಳನ್ನೂ ನನ್ನನ್ನೂ ಚೀಲಕ್ಕೆ ಹಾಕಿದರು. ಸೇತುರಾಮರು ಬೇಡವೆನ್ನಲಿಲ್ಲ. ಅಳುವ ಹೆಂಡತಿಗೆ ಏನೆಂದಾರು?

ಚೀಲ ಇಳಿದದ್ದು ಪಕ್ಕದ ಮನೆಯ ಡೊರೀನ್ ಅಜ್ಜಿಯ ಹಜಾರದಲ್ಲಿ. ಒಂಟಿ ಜೀವ, ಬೆಣ್ಣೆಯಂಥ ಮನಸ್ಸು. ‘ಬುಧವಾರ ಬೆಳಿಗ್ಗೆ ತಗೊಂಡು ಹೋಗ್ತೀವಿ’ ಎಂದಿದ್ದಕ್ಕೆ ‘ಆಗಲಮ್ಮಾ’ ಎಂದಿತು. ಬುಧವಾರ ಬೆಳಿಗ್ಗೆ ತಾನು ಕೂದಲು ಸೆಟ್ ಮಾಡಿಸಿಕೊಳ್ಳಲು ಹೋಗುತ್ತೇನೆ ಎಂಬುದು ಅಜ್ಜಿಗೆ ನೆನಪಾಗಲಿಲ್ಲ. ಬುಧವಾರ ಬಂತು. ಅಜ್ಜಿ ಕೋಟು ತೊಟ್ಟು, ಬಾಗಿಲಿಗೆ ಬೀಗ ಹಾಕಿಕೊಂಡು ಹೋಯಿತು.

ಕೊಂಚ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಮತ್ತೆ ಸದ್ದಾಯಿತು. ಆಮೇಲೆ ಬಾಗಿಲು ಬಡಿಯತೊಡಗಿದರು. ಕಾಗದ ಹಾಕುವ ಕಿಂಡಿಯಿಂದ ಅಂಬುಜಾಕ್ಷಿಯ ಧ್ವನಿ ಬಂತು. ‘ಡೊರೀನ್! ಡೊರೀನ್!’ ಅದೇ ಕಿಂಡಿಯಿಂದ ಒಂದು ಕೈ ಒಳಗೆ ಬಂದು ಗಾಳಿಯಲ್ಲಿ ತಡಕಾಡಿತು. ನಾನಿದ್ದ ಚೀಲ ನಾಲ್ಕು ಹೆಜ್ಜೆ ಆಚೆಗಿತ್ತು. ನನಗೆ ಕಾಲಿಲ್ಲ, ಬಾಯಿಲ್ಲ. ಆ ಕೈಯ ಬಳೆಗಳು ತಗಡಿಗೆ ಉಜ್ಜುವ ಸದ್ದು ಕೇಳುತ್ತ ಬಿದ್ದಿದ್ದೆ. ಅಂಥ ಹೊತ್ತು ಶತ್ರುವಿಗೂ ಬೇಡ.

ಅಜ್ಜಿ ಸುರುಳಿಗೂದಲು ಹೊತ್ತು ಬಂದು ನಗುತ್ತ ಬಾಗಿಲು ತೆರೆಯುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು. ಒಂದು ಗಾಡಿ ತಪ್ಪಿ, ಮುಂದಿನ ಟಿಕೆಟ್ಟುಗಳೆಲ್ಲ ಒಂದರ ಹಿಂದೊಂದು ಸತ್ತವು. ಆಸ್ಪತ್ರೆಯಿಂದ ಫೋನ್ ಬಂತು. ಶ್ರೀಕಂಠನ ಕಾಯಿಲೆ ತುಂಬ ಜೋರಾಗಿತ್ತು. ನಿಲ್ದಾಣದಲ್ಲಿ ಆಗಿಂದಾಗ ಕೊಳ್ಳುವ ಟಿಕೆಟ್ಟು ಒಬ್ಬರಿಗಷ್ಟೇ ಎಟುಕಿತು. ಅಂಬುಜಾಕ್ಷಿ ಚೀಲ ಎತ್ತಿಕೊಂಡು ಒಬ್ಬರೇ ಹತ್ತಿದರು. ನನ್ನನ್ನು ಚೀಲದಿಂದ ತೆಗೆದು ಸೇತುರಾಮರು ಜೇಬಿಗೆ ಹಾಕಿಕೊಂಡಿದ್ದರು, ಅಲ್ಲೇ ಉಳಿದೆ. ಒಬ್ಬರೇ ಹೋಗುವಾಗ ನನಗೇನು ಕೆಲಸ?

ಸಂಜೆ ಅವರ ಫೋನು ಹೊಡೆದುಕೊಂಡಿತು.

‘ಹೋಗ್ಬಿಟ್ನಂತೆ ಕಣ್ರೀ. ನಾನಿನ್ನೂ ರೈಲಲ್ಲೇ ಇದೀನಿ.’

‘ಎಲ್ಲಿದೀಯ ಈಗ?’

‘ಗೊತ್ತಿಲ್ಲ. ಕಿಟಕಿಯಾಚೆ ಸಮುದ್ರ ಇದೆ.’

‘ಎಡಿನ್‌ಬರೋದಲ್ಲಿ ಗಾಡಿ ಬದಲಾಯಿಸ್ಬೇಕು, ಮರೀಬೇಡ’ ಎಂದರು ಸೇತುರಾಮರು. ಆಮೇಲೆ ಫೋನನ್ನು ಎದೆಗೊತ್ತಿಕೊಂಡು ಅತ್ತರು. ಆ ಎದೆ ಅದುರುವುದು ಜೇಬಿನೊಳಗಿದ್ದ ನನಗೂ ಮುಟ್ಟಿತು.

ಈಗ ನನ್ನ ಅವಧಿ ಮುಗಿದಿದೆ. ಹಳೆಯ ಬ್ಯಾಟರಿ, ಯಾವ ಬೀಗಕ್ಕೂ ಸೇರದ ಕೀಲಿಗಳ ನಡುವೆ ಅಡುಗೆಮನೆಯ ಡ್ರಾಯರಿನಲ್ಲಿ ಬಿದ್ದಿದ್ದೇನೆ. ಸೇತುರಾಮರು ದರ ಹುಡುಕುವುದು ಬಿಟ್ಟಿದ್ದಾರೆ. ಗಂಡಹೆಂಡಿರು ಒಬ್ಬರನ್ನೊಬ್ಬರು ದೂರಿಕೊಂಡಿದ್ದರೆ ಮನೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ. ಇಬ್ಬರೂ ತಪ್ಪು ತನ್ನದೇ ಎಂದುಕೊಂಡು ಬಾಯಿ ಹೊಲಿದುಕೊಂಡಿದ್ದಾರೆ. ಅಗ್ಗದಲ್ಲಿ ಊರೂರು ತಲುಪಿಸಲು ಹುಟ್ಟಿದ ನಾನು, ತಲುಪಲೇಬೇಕಾದ ಒಂದು ಊರಿಗೆ ತಲುಪಿಸಲಾರದೆ ಹೋದೆ. ನನ್ನ ಹುಟ್ಟು ಸಾರ್ಥಕವೆಂದು ನಾನಂತೂ ಹೇಳಲಾರೆ.

ಮೊನ್ನೆ ಡೊರೀನ್ ಅಜ್ಜಿ ಕೇಕ್ ತಂದಿತು. ಬೀಗ ಹಾಕಿಕೊಂಡು ಹೋದದ್ದಕ್ಕೆ ಮತ್ತೊಮ್ಮೆ ನೊಂದುಕೊಂಡಿತು. ಶ್ರೀಕಂಠ ಹೋದ ಸುದ್ದಿಯನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ‘ನಿನ್ನ ತಮ್ಮ ಈಗ ಹೇಗಿದ್ದಾನಮ್ಮಾ?’ ಎಂದು ಕೇಳಿತು.

ಅಂಬುಜಾಕ್ಷಿ ಚಾಕುವಿಗೆಂದು ಡ್ರಾಯರು ಎಳೆದವರು ಹಾಗೇ ನಿಂತರು. ‘ಚೆನ್ನಾಗಿದಾನೆ’ ಎಂದರು. ಅಜ್ಜಿಗೆ ಹೋದ ಜೀವ ಬಂದಂತಾಯಿತು. ಅವನಿಗೂ ಒಂದು ತುಂಡು ತೆಗೆದಿಡು ಎಂದು ಹೇಳಿ ಹೋಯಿತು.

ಬಾಗಿಲು ಹಾಕಿಕೊಂಡ ಮೇಲೆ ಸೇತುರಾಮರು ಮೆಲ್ಲಗೆ ಕೇಳಿದರು. ‘ಯಾಕೆ ಹಂಗಂದೆ?’

‘ಒಬ್ಬರ ಪಾಲಿಗಾದ್ರೂ ಅವನು ಬದುಕಿರಲಿ ಬಿಡ್ರೀ’ ಎಂದರು ಅಂಬುಜಾಕ್ಷಿ. ಕೇಕನ್ನು ಮೂರು ತುಂಡು ಮಾಡಿದರು.